ಹದಿನೈದನೇ ವಯಸ್ಸಿನಲ್ಲಿ ಹಾಕಿಯಿಂದ ಬ್ಯಾಸ್ಕೆಟ್‌ಬಾಲ್‌ಗೆ: ಹಕೀಮ್ ಒಲಾಜುವಾನ್ ಉದಾಹರಣೆ ನಮ್ಮ ಮಕ್ಕಳಿಗೆ ಎಷ್ಟು ಅನ್ವಯಿಸುತ್ತದೆ?

ಪ್ರಶ್ನೆ: ವಿರಾಜಪೇಟೆಯ ತಾಯಿ

ಹಾಕಿ ಆಡುವ ಮನೆಯಲ್ಲಿ ಬೇರೊಂದು ಆಟದ ಮಾತೆತ್ತುವುದು ಕೊಡಗಿನಲ್ಲಿ ಎಷ್ಟು ಕಷ್ಟ ಎಂಬುದನ್ನು ಬಲ್ಲವರೇ ಇಲ್ಲಿ ಹೆಚ್ಚಾಗಿರುವುದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಈಗ 15 ವರ್ಷ. ಎತ್ತರ 6 ಅಡಿ 3 ಅಂಗುಲ, ಇನ್ನೂ ಬೆಳೆಯುತ್ತಿದ್ದಾನೆ. ಚಿಕ್ಕಂದಿನಿಂದ ಹಾಕಿಯಲ್ಲಿ ಗೋಲ್‌ಕೀಪರ್ ಆಗಿರುವ ಅವನು ಕೊಡವ ಕುಟುಂಬಗಳು ತಂತಮ್ಮ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ ಉತ್ಸವದಲ್ಲಿ ನಮ್ಮ ಒಕ್ಕದ, ಅಂದರೆ ಮನೆತನದ, ತಂಡಕ್ಕೂ ಗೋಲು ಕಾಯ್ದಿದ್ದಾನೆ. ಈ ವರ್ಷ ಶಾಲೆಗೆ ಹೊಸದಾಗಿ ಬಂದ ದೈಹಿಕ ಶಿಕ್ಷಕರು, ಈ ಎತ್ತರ ಮತ್ತು ಈ ಚುರುಕು ಒಟ್ಟಿಗೆ ಸಿಗುವುದು ಅಪರೂಪ, ಬ್ಯಾಸ್ಕೆಟ್‌ಬಾಲ್ ಆಡಿಸಿ ನೋಡೋಣ ಎಂದು ಹೇಳಿ ಕಳುಹಿಸಿದ್ದಾರೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಆಡಿದ ಹಕೀಮ್ ಒಲಾಜುವಾನ್ ಎಂಬವರು ಕೂಡ ಹದಿನೈದರ ನಂತರವೇ ಆ ಆಟವನ್ನು ಆರಂಭಿಸಿದರು ಎಂದು ಅವರು ಹೇಳಿದ್ದರಿಂದ ಮಗ ಈಗ ಮನೆಯಲ್ಲಿ ಬೇರೆ ಮಾತೇ ಆಡುತ್ತಿಲ್ಲ.

ನಮ್ಮ ಮಾವನವರಿಗೆ ಇದು ಹಿಡಿಸಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೌಟುಂಬಿಕ ಹಾಕಿಯನ್ನು ಆರಂಭಿಸಿದಾಗಿನಿಂದ ನಡೆದ ಯಾವ ಉತ್ಸವವನ್ನೂ ತಪ್ಪಿಸದ ಅವರು, ಹತ್ತು ವರ್ಷ ಕಲಿತದ್ದನ್ನು ಬಿಟ್ಟು ಹೊಸದಕ್ಕೆ ಕೈಹಾಕುವ ವಯಸ್ಸು ಇದಲ್ಲ ಎನ್ನುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಆ ಆಟಗಾರರ ವಿಷಯದಲ್ಲಿ ಹೇಳುವುದು ನಿಜವೇ? ನಿಜವಾದರೆ ಅಷ್ಟು ತಡವಾಗಿ ಆರಂಭಿಸಿದವರು ಅಷ್ಟು ಎತ್ತರಕ್ಕೆ ಹೇಗೆ ಏರಿದರು? ಎತ್ತರವೊಂದೇ ಕಾರಣವೇ, ಬೇರೇನಾದರೂ ಇದೆಯೇ?

ಉತ್ತರ: ನಿವೃತ್ತ ದೈಹಿಕ ಶಿಕ್ಷಕ, ಮಡಿಕೇರಿ

ಅಮ್ಮಾ, ನಿಮ್ಮ ಮಗನ ಶಿಕ್ಷಕರು ಹೇಳಿದ್ದು ನಿಜ. ಆದರೆ ಆ ಮಾತನ್ನು ಅರ್ಧಕ್ಕೆ ನಿಲ್ಲಿಸಿದರೆ ತಪ್ಪು ಅರ್ಥ ಬರುತ್ತದೆ. ಒಲಾಜುವಾನ್ ಹದಿನೈದನೇ ವಯಸ್ಸಿನಲ್ಲಿ ಬ್ಯಾಸ್ಕೆಟ್‌ಬಾಲ್ ಆರಂಭಿಸಿದರೇ ಹೊರತು ಆಟವನ್ನೇ ಆಗ ಆರಂಭಿಸಿದವರಲ್ಲ.

ಅವರು ಹುಟ್ಟಿದ್ದು 1963ರ ಜನವರಿ 21ರಂದು, ನೈಜೀರಿಯಾದ ಲಾಗೋಸ್ ನಗರದಲ್ಲಿ. ತಂದೆತಾಯಿ ಸಿಮೆಂಟ್ ವ್ಯಾಪಾರ ಮಾಡುತ್ತಿದ್ದ ಯೊರುಬಾ ಕುಟುಂಬದವರು. ಅಲ್ಲಿ ಹುಡುಗರ ಆಟವೆಂದರೆ ಫುಟ್‌ಬಾಲ್. ಒಲಾಜುವಾನ್ ಅದರಲ್ಲಿ ಗೋಲ್‌ಕೀಪರ್ ಆಗಿದ್ದರು, ಜೊತೆಗೆ ಹ್ಯಾಂಡ್‌ಬಾಲ್ ಆಡುತ್ತಿದ್ದರು. ಫುಟ್‌ಬಾಲ್ ಕಾಲಿಗೆ ಸಮತೋಲವನ್ನೂ ಅಕ್ಕಪಕ್ಕಕ್ಕೆ ಸರಿಯುವ ವೇಗವನ್ನೂ ಕೊಟ್ಟರೆ, ಹ್ಯಾಂಡ್‌ಬಾಲ್ ಓಡುತ್ತಲೇ ಚೆಂಡು ಹಿಡಿದು, ಹಾರಿ, ಗಾಳಿಯಲ್ಲಿರುವಾಗಲೇ ಎಸೆಯುವ ಅಭ್ಯಾಸವನ್ನು ಕೊಟ್ಟಿತು. ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಮೊದಲ ಬಾರಿಗೆ ಇಳಿದಾಗ ಅವರಿಗೆ ನಿಯಮಗಳು ಗೊತ್ತಿರಲಿಲ್ಲ ಎನ್ನಬಹುದು, ದೇಹಕ್ಕೆ ಆಟ ಗೊತ್ತಿರಲಿಲ್ಲ ಎನ್ನಲಾಗದು. ತಮ್ಮ ಪಾದಗಳ ಚಲನೆಗೆ ಫುಟ್‌ಬಾಲೇ ಕಾರಣ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

1980ರಲ್ಲಿ ಅವರು ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ಅವರ ಹೆಸರನ್ನು ಅಲ್ಲಿ ಕೇಳಿದವರೇ ಇಲ್ಲ. ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ, ಫೋನ್ ಮಾಡಿದಾಗ ಟ್ಯಾಕ್ಸಿ ಹಿಡಿದು ಬರುವಂತೆ ತಿಳಿಸಿದರು. ಮೊದಲ ವರ್ಷ ಪಂದ್ಯಗಳಲ್ಲಿ ಆಡದೆ ಕೇವಲ ಅಭ್ಯಾಸ ಮಾಡಿದರು. ಎರಡನೇ ವರ್ಷ ತರಬೇತುದಾರ ಗೈ ಲೂಯಿಸ್ ಅವರನ್ನು ಹೆಚ್ಚಾಗಿ ಬದಲಿ ಆಟಗಾರನಾಗಿಯೇ ಬಳಸಿದರು. ಆ ವರ್ಷ ಅವರ ಸರಾಸರಿ ಪಂದ್ಯಕ್ಕೆ ಸುಮಾರು 8 ಅಂಕ, ಅಷ್ಟೇ. ಸಾಮಾನ್ಯ ಹುಡುಗನೊಬ್ಬ ಇಲ್ಲಿಗೆ ನಿಂತುಬಿಡುತ್ತಿದ್ದ.

ಅವರು ಕೋಚ್‌ಗಳ ಬಳಿ ಹೋಗಿ ತನ್ನ ಆಟ ಸುಧಾರಿಸಲು ಏನು ಮಾಡಬೇಕೆಂದು ಕೇಳಿದರು. ಕೋಚ್‌ಗಳು ತೋರಿಸಿದ ದಾರಿ ಮೋಸೆಸ್ ಮ್ಯಾಲೋನ್. ಮ್ಯಾಲೋನ್ ಆಗ ಎನ್‌ಬಿಎಯ ಹ್ಯೂಸ್ಟನ್ ರಾಕೆಟ್ಸ್ ತಂಡದ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ), ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವರು. ಬೇಸಿಗೆಯಲ್ಲಿ ನಗರದ ಫೋಂಡ್ ಎಂಬ ಸಾರ್ವಜನಿಕ ಆಟದ ಮನೆಯಲ್ಲಿ ವೃತ್ತಿಪರರು ಸೇರಿ ಆಡುತ್ತಿದ್ದರು. ವಿದ್ಯಾರ್ಥಿ ಒಲಾಜುವಾನ್ ಅಲ್ಲಿ ಮ್ಯಾಲೋನ್ ಎದುರು ನಿಂತು ತಳ್ಳಿಸಿಕೊಂಡರು, ಬಿದ್ದರು, ಮರುದಿನ ಮತ್ತೆ ಹೋದರು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ನಿರ್ಣಾಯಕ ಘಟ್ಟ ಲಾಗೋಸಿನಲ್ಲಿ ಚೆಂಡು ಹಿಡಿದ ದಿನವಲ್ಲ, ತನಗಿಂತ ಬಹಳ ಮೇಲಿನವರ ಕೈಯಲ್ಲಿ ಸೋಲುತ್ತ ಕಳೆದ ಈ ಬೇಸಿಗೆಗಳು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ವಿಶ್ವವಿದ್ಯಾಲಯದ ತಂಡ 1982, 83 ಮತ್ತು 84ರಲ್ಲಿ ಸತತವಾಗಿ ರಾಷ್ಟ್ರಮಟ್ಟದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. 1983ರ ಫೈನಲ್‌ನಲ್ಲಿ ಕೊನೆಯ ಕ್ಷಣದಲ್ಲಿ 54–52ರಿಂದ ಸೋತರೂ ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಒಲಾಜುವಾನ್ ಅವರಿಗೇ ಬಂತು. 1984ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಹ್ಯೂಸ್ಟನ್ ರಾಕೆಟ್ಸ್ ಅವರನ್ನು ಮೊದಲ ಆಯ್ಕೆಯಾಗಿ ಪಡೆಯಿತು. ಆ ವರ್ಷ ಮೂರನೆಯವರಾಗಿ ಆಯ್ಕೆಯಾದವರು ಮೈಕೆಲ್ ಜೋರ್ಡನ್. ಹಾಗಿದ್ದರೂ ಹ್ಯೂಸ್ಟನ್ ತಪ್ಪು ಮಾಡಿತೆಂದು ಇಂದಿಗೂ ಯಾರೂ ಹೇಳುವುದಿಲ್ಲ ಎಂದರೆ ಉಳಿದದ್ದನ್ನು ನೀವೇ ಊಹಿಸಬಹುದು.

ನಿಮ್ಮ ಮಾವನವರಿಗೆ ಒಂದು ಮಾತು ತಿಳಿಸಿ. ನಮ್ಮವರೇ ಆದ ಎಂ.ಪಿ. ಗಣೇಶ್ ಮೊದಲು ಫುಟ್‌ಬಾಲ್ ಆಟಗಾರರು. ಸೇನೆಗೆ ಸೇರಿದ ಮೇಲೆ ಹಾಕಿಯತ್ತ ಹೊರಳಿದ ಅವರು 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕರಾಗಿದ್ದರು. ಆಟ ಬದಲಿಸುವುದು ಕೊಡಗಿಗೆ ಹೊಸದೇನಲ್ಲ.

ಉತ್ತರ: ಗೋಣಿಕೊಪ್ಪಲಿನವ

ಮೇಷ್ಟ್ರ ಮಾತನ್ನು ಗೌರವಿಸುತ್ತಲೇ ನನ್ನ ಸಂದೇಹವನ್ನು ಮುಂದಿಡುತ್ತೇನೆ. ನಾನು ವಿಶ್ವವಿದ್ಯಾಲಯದ ಮಟ್ಟದವರೆಗೆ ಬ್ಯಾಸ್ಕೆಟ್‌ಬಾಲ್ ಆಡಿದವನು. ಒಲಾಜುವಾನ್ ಹೆಸರು ಹೇಳಿ ಹುಡುಗನೊಬ್ಬನಿಗೆ ಆಸೆ ಹುಟ್ಟಿಸುವುದು ಸುಲಭ. ಆದರೆ ಸುಮಾರು ಏಳು ಅಡಿ ಎತ್ತರವಿದ್ದು, ಚೆಂಡು ಪುಟಿಸಿ ಆಟ ನಡೆಸುವ ಆರಡಿಯ ಗಾರ್ಡ್ ಆಟಗಾರರಷ್ಟೇ ಚುರುಕಾಗಿ ಕಾಲು ತಿರುಗಿಸುವ ದೇಹ ತಲೆಮಾರಿಗೊಂದು ಹುಟ್ಟುತ್ತದೆ. 6 ಅಡಿ 3 ಅಂಗುಲ ವಿರಾಜಪೇಟೆಯ ಬಸ್ ನಿಲ್ದಾಣದಲ್ಲಿ ಎದ್ದು ಕಾಣುವ ಎತ್ತರವಿರಬಹುದು. ಎನ್‌ಬಿಎಯಲ್ಲಿ ಅದು ಚಿಕ್ಕ ಆಟಗಾರನ ಎತ್ತರ.

ನಮಗೆ ಹತ್ತಿರದ ಉದಾಹರಣೆ ಬೇಕಿದ್ದರೆ ಪಂಜಾಬಿನ ಸತ್ನಾಮ್ ಸಿಂಗ್ ಭಾಮರಾ ಇದ್ದಾರೆ. ಬಲ್ಲೋಕೆ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1995ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಲುಧಿಯಾನದ ಅಕಾಡೆಮಿ ಸೇರಿ, 2010ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಫ್ಲಾರಿಡಾಕ್ಕೆ ಹೋದವರು. 7 ಅಡಿ 2 ಅಂಗುಲ ಎತ್ತರ. 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಅವರನ್ನು 52ನೆಯವರಾಗಿ ಆರಿಸಿಕೊಂಡಾಗ, ಭಾರತದಲ್ಲಿ ಹುಟ್ಟಿದವರೊಬ್ಬರು ಎನ್‌ಬಿಎ ತಂಡಕ್ಕೆ ಆಯ್ಕೆಯಾದದ್ದು ಅದೇ ಮೊದಲು. ನಾವೆಲ್ಲ ಅಂದು ಕುಣಿದದ್ದು ಸುಳ್ಳಲ್ಲ. ಆದರೆ ಅವರು ಕೆಳಹಂತದ ಲೀಗಿನಲ್ಲಿ ಟೆಕ್ಸಾಸ್ ಲೆಜೆಂಡ್ಸ್ ಪರವಾಗಿ ಆಡಿದರೇ ಹೊರತು ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದೆ ಕೆನಡಾದ ಲೀಗಿನಲ್ಲಿ ಕೆಲಕಾಲ ಆಡಿ, ಈಗ ವೃತ್ತಿಪರ ಕುಸ್ತಿಯ ರಂಗದಲ್ಲಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು, ಸತ್ನಾಮ್ ಒಲಾಜುವಾನ್ ಅವರಿಗಿಂತ ಬಹಳ ಮೊದಲೇ ಆರಂಭಿಸಿದವರು ಮತ್ತು ಅವರಿಗಿಂತ ಎತ್ತರದವರು. ಹಾಗಾಗಿ ವಯಸ್ಸೂ ಎತ್ತರವೂ ಎರಡೂ ಪ್ರಶ್ನೆಯ ತಿರುಳಲ್ಲ ಎಂಬ ಮಾತಿನಲ್ಲಿ ಮೇಷ್ಟ್ರು ಮತ್ತು ನಾನು ಒಂದೇ ಕಡೆ ಇದ್ದೇವೆ. ಸತ್ನಾಮ್ ಅವರ ದುರದೃಷ್ಟವೆಂದರೆ ಅವರು ಬೆಳೆದ ಕಾಲದಲ್ಲೇ ಆಟ ಬದಲಾಯಿತು. ದೂರದಿಂದ ಎಸೆಯುವ ಮೂರು ಅಂಕದ ಹೊಡೆತಕ್ಕೆ ಬೆಲೆ ಏರಿದಂತೆ, ಬುಟ್ಟಿಯ ಬಳಿ ನಿಂತು ಕಾಯುವ ನಿಧಾನ ಕಾಲಿನ ದೊಡ್ಡ ಆಟಗಾರನಿಗೆ ಜಾಗ ಕಡಿಮೆಯಾಯಿತು. ಎದುರಾಳಿಯ ಗಾರ್ಡ್ ಹೊರಗೆಳೆದರೆ ಅಲ್ಲಿಗೂ ಹೋಗಿ ತಡೆಯಬಲ್ಲ ಸೆಂಟರ್ ಈಗ ಬೇಕು. 1980ರ ದಶಕದಲ್ಲೇ ಅದನ್ನು ಮಾಡುತ್ತಿದ್ದವರು ಒಲಾಜುವಾನ್.

ಇನ್ನು ಹೊಟ್ಟೆಪಾಡಿನ ಮಾತು. ಭಾರತದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, 1980ರ ಮಾಸ್ಕೋದಲ್ಲಿ, ಅದೂ ಹಲವು ದೇಶಗಳು ಬಹಿಷ್ಕಾರ ಹಾಕಿದ್ದಾಗ. 2015ರಲ್ಲಿ ನಮ್ಮ ದೇಶದಲ್ಲೇ ಆರಂಭವಾದ ಯುಬಿಎ ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಇಲ್ಲಿ ಒಳ್ಳೆಯ ಆಟಗಾರನಿಗೆ ಸಿಗುವುದು ರೈಲ್ವೆ, ಸೇನೆ, ಆದಾಯ ತೆರಿಗೆ ಇಲಾಖೆ ಇಂಥ ಕಡೆಗಳಲ್ಲಿ ಕ್ರೀಡಾ ಕೋಟಾದ ನೌಕರಿ. ಅದು ಸಣ್ಣದೆಂದು ನಾನು ಹೇಳುತ್ತಿಲ್ಲ, ಆದರೆ ಹಾಕಿಯಲ್ಲಿ ಆ ದಾರಿಯನ್ನು ಬಲ್ಲ ಹಿರಿಯರು ಕೊಡಗಿನ ಊರೂರಿನಲ್ಲಿ ಇದ್ದಾರೆ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಹುಡುಕಬೇಕು.

ಪ್ರಶ್ನೆ ಕೇಳಿದವರು: ವಿರಾಜಪೇಟೆಯ ತಾಯಿ

ಇಬ್ಬರಿಗೂ ಧನ್ಯವಾದ. ಮಗ ಎನ್‌ಬಿಎಗೆ ಹೋಗುತ್ತಾನೆಂಬ ಭ್ರಮೆ ನನಗಿಲ್ಲ ಸರ್, ಅವನಿಗೆ ಇದೆ, ಅದನ್ನು ನಾನು ಈಗಲೇ ಕೆಡಿಸುವುದಿಲ್ಲ. ಮೇಷ್ಟ್ರೇ, ಇನ್ನೆರಡು ವಿಷಯ ಕೇಳಬೇಕಿತ್ತು. ಫುಟ್‌ಬಾಲ್ ಗೋಲ್‌ಕೀಪರ್‌ಗೆ ಒದಗಿದ ಲಾಭ ಹಾಕಿಯ ಗೋಲ್‌ಕೀಪರ್‌ಗೂ ಒದಗುತ್ತದೆಯೇ? ಹಾಗೆಯೇ, ಒಲಾಜುವಾನ್ ಅವರಿಗೆ ಡ್ರಾಫ್ಟ್ ಆದ ಮೇಲೆ ಎಲ್ಲವೂ ಸಲೀಸಾಗಿ ನಡೆಯಿತೇ? ನಮ್ಮವನು ಎರಡು ಪಂದ್ಯ ಸೋತರೆ ಊಟ ಬಿಡುವ ಹುಡುಗ, ಆದ್ದರಿಂದ ಕೇಳುತ್ತಿದ್ದೇನೆ.

ಉತ್ತರ: ನಿವೃತ್ತ ದೈಹಿಕ ಶಿಕ್ಷಕ, ಮಡಿಕೇರಿ

ಮೊದಲ ಪ್ರಶ್ನೆಗೆ ಉತ್ತರ: ಅರ್ಧ ಒದಗುತ್ತದೆ. ಹಾಕಿ ಗೋಲ್‌ಕೀಪರ್ ಮುಂಗಾಲಿನ ಮೇಲೆ ಭಾರ ಹಾಕಿ, ಮೊಣಕಾಲು ಬಗ್ಗಿಸಿ, ಚೆಂಡು ಬರುವ ಕೋನವನ್ನು ಅಳೆಯುತ್ತ ಪಕ್ಕಕ್ಕೆ ಸರಿಯುವುದನ್ನು ವರ್ಷಗಟ್ಟಲೆ ಮಾಡಿರುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿಯನ್ನು ತಡೆಯುವಾಗ ನಿಲ್ಲುವ ನಿಲುವು ಬಹುತೇಕ ಇದೇ. ಆದರೆ ಕೈಗಳ ಕಥೆ ಬೇರೆ. ಒಂದು ಕೈಯಲ್ಲಿ ಸ್ಟಿಕ್, ಇನ್ನೊಂದರಲ್ಲಿ ದಪ್ಪನೆಯ ಗ್ಲೌಸ್ ಇರುವ ಹಾಕಿ ಗೋಲಿ ಚೆಂಡನ್ನು ತಡೆಯುತ್ತಾನೆ, ತಳ್ಳುತ್ತಾನೆ, ಹಿಡಿಯುವುದಿಲ್ಲ. ಮೇಲಕ್ಕೆ ಹಾರುವುದೂ ಕಡಿಮೆ. ಒಲಾಜುವಾನ್ ಅವರಿಗೆ ಈ ಕೊರತೆಯನ್ನು ಹ್ಯಾಂಡ್‌ಬಾಲ್ ತುಂಬಿತ್ತು. ನಿಮ್ಮ ಮಗ ಮೊದಲ ಆರು ತಿಂಗಳು ಬುಟ್ಟಿಗೆ ಎಸೆಯುವುದಕ್ಕಿಂತ ಹೆಚ್ಚಾಗಿ, ಗೋಡೆಗೆ ಚೆಂಡೆಸೆದು ಎರಡು ಕೈಯಲ್ಲಿ ಹಿಡಿಯುವುದು, ಎಡಗೈಯಲ್ಲಿ ಪುಟಿಸುವುದು, ಹಾರಿ ಎರಡು ಕಾಲಿನ ಮೇಲೆ ಮೆತ್ತಗೆ ಇಳಿಯುವುದು, ಇವನ್ನೇ ಮಾಡಲಿ. ಬೇಸರ ತರಿಸುವ ಅಭ್ಯಾಸವಿದು. ಬೆಳೆಯುವ ವಯಸ್ಸಿನ ಮೊಣಕಾಲನ್ನು ಉಳಿಸುವುದೂ ಆ ಕೊನೆಯ ಅಭ್ಯಾಸವೇ.

ಎರಡನೆಯದಕ್ಕೆ ಉತ್ತರ: ಸಲೀಸಾಗಿ ನಡೆಯಲಿಲ್ಲ. ಎರಡನೇ ವರ್ಷದಲ್ಲೇ, 1986ರಲ್ಲಿ, 7 ಅಡಿ 4 ಅಂಗುಲದ ರಾಲ್ಫ್ ಸ್ಯಾಂಪ್ಸನ್ ಜೊತೆಗೂಡಿ ತಂಡವನ್ನು ಫೈನಲ್‌ಗೆ ಒಯ್ದರು, ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ 4–2ರಿಂದ ಸೋತರು. ಇನ್ನು ಮುಂದೆ ಹತ್ತು ವರ್ಷ ಇವರದೇ ಎಂದು ಎಲ್ಲರೂ ಭಾವಿಸಿದ್ದರು. ಹಾಗಾಗಲಿಲ್ಲ. ಗಾಯಗಳಿಂದ ಬಳಲಿದ ಸ್ಯಾಂಪ್ಸನ್ ಬೇರೆ ತಂಡಕ್ಕೆ ಹೋದರು. ಒಲಾಜುವಾನ್ ಒಬ್ಬರೇ ಎಷ್ಟು ಆಡಿದರೂ ತಂಡ ಮೇಲೇಳಲಿಲ್ಲ. 1990ರ ಮಾರ್ಚ್ 29ರಂದು ಮಿಲ್ವಾಕಿ ವಿರುದ್ಧ 18 ಅಂಕ, 16 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), 10 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾಗುವ ಪಾಸ್), 11 ಬ್ಲಾಕ್ (ಎದುರಾಳಿ ಎಸೆದ ಚೆಂಡನ್ನು ತಡೆಯುವುದು) ಗಳಿಸಿದ ಅಪರೂಪದ ಸಾಧನೆ ಬಂದದ್ದು ಈ ಒಣ ವರ್ಷಗಳಲ್ಲಿಯೇ. 1991ರಲ್ಲಿ ಎದುರಾಳಿಯ ಮೊಣಕೈ ತಗುಲಿ ಕಣ್ಣಿನ ಸುತ್ತಲ ಮೂಳೆ ಮುರಿಯಿತು. 1992ರಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ನೋವಿನ ವಿಷಯದಲ್ಲಿ ತಂಡದ ಆಡಳಿತಕ್ಕೂ ಅವರಿಗೂ ವೈಮನಸ್ಯ ಬೆಳೆದು, ಅಮಾನತಿಗೂ ಒಳಗಾಗಿ, ತನ್ನನ್ನು ಬೇರೆ ತಂಡಕ್ಕೆ ಕಳುಹಿಸಿ ಎಂದು ಕೇಳುವ ಹಂತ ತಲುಪಿದರು. ಆಗ ಅವರಿಗೆ 29 ವರ್ಷ. ಕಪ್ ಒಂದೂ ಇರಲಿಲ್ಲ.

ಅಲ್ಲಿಂದ ಮುಂದೆ ಆದದ್ದನ್ನು ಹುಡುಗನಿಗೆ ಓದಿ ಹೇಳಿ. ರೂಡಿ ಟೊಮ್ಜನೊವಿಚ್ ಕೋಚ್ ಆದ ಮೇಲೆ ತಂಡದ ಆಟವನ್ನು ಒಲಾಜುವಾನ್ ಸುತ್ತ ಹೆಣೆಯಲಾಯಿತು. ಚೆಂಡು ಅವರ ಕೈಗೆ ಬಂದಾಗ ಇಬ್ಬರು ಮೂವರು ಎದುರಾಳಿಗಳು ಮುತ್ತುತ್ತಿದ್ದರು. ಹಿಂದೆಲ್ಲ ಆ ಗುಂಪಿನ ನಡುವೆಯೇ ನುಗ್ಗುತ್ತಿದ್ದವರು ಈಗ ಹೊರಗೆ ಒಂಟಿಯಾಗಿ ನಿಂತ ಜೊತೆಗಾರನನ್ನು ಹುಡುಕಿ ಪಾಸ್ ಕೊಡುವುದನ್ನು ಕಲಿತರು. ಮೂವತ್ತರ ಹೊಸ್ತಿಲಲ್ಲಿ ಹೊಸ ವಿದ್ಯೆ ಕಲಿತದ್ದು ಹದಿನೈದರಲ್ಲಿ ಹೊಸ ಆಟ ಕಲಿತದ್ದಕ್ಕಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ. 1993–94ರಲ್ಲಿ ಲೀಗಿನ ಶ್ರೇಷ್ಠ ಆಟಗಾರ, ಶ್ರೇಷ್ಠ ರಕ್ಷಣಾ ಆಟಗಾರ, ಫೈನಲ್‌ನ ಶ್ರೇಷ್ಠ ಆಟಗಾರ ಎಂಬ ಮೂರೂ ಪ್ರಶಸ್ತಿಗಳು ಒಂದೇ ಋತುವಿನಲ್ಲಿ ಅವರಿಗೆ ಬಂದವು. ಬೇರೆ ಯಾರಿಗೂ ಹಾಗೆ ಬಂದಿಲ್ಲ. ಆ ಫೈನಲ್‌ನಲ್ಲಿ ಎದುರಿಗಿದ್ದವರು ನ್ಯೂಯಾರ್ಕಿನ ಪ್ಯಾಟ್ರಿಕ್ ಯೂಯಿಂಗ್, ಅಂದರೆ 1984ರ ಕಾಲೇಜು ಫೈನಲ್‌ನಲ್ಲಿ ಅವರನ್ನು ಸೋಲಿಸಿದ ಜಾರ್ಜ್‌ಟೌನ್ ತಂಡದ ಸೆಂಟರ್. ಆರನೇ ಪಂದ್ಯದ ಕೊನೆಯ ಕ್ಷಣದಲ್ಲಿ ಜಾನ್ ಸ್ಟಾರ್ಕ್ಸ್ ಎಸೆದ ಚೆಂಡನ್ನು ಒಲಾಜುವಾನ್ ಬೆರಳ ತುದಿಯಿಂದ ತಡೆಯದಿದ್ದರೆ ಕಪ್ ಅಂದೇ ನ್ಯೂಯಾರ್ಕಿಗೆ ಹೋಗುತ್ತಿತ್ತು. ಹ್ಯೂಸ್ಟನ್ 86–84ರಿಂದ ಉಳಿದುಕೊಂಡು ಏಳನೇ ಪಂದ್ಯದಲ್ಲಿ ಗೆದ್ದಿತು.

ಮರುವರ್ಷ ತಂಡ ತನ್ನ ವಿಭಾಗದಲ್ಲಿ ಆರನೇ ಶ್ರೇಯಾಂಕಕ್ಕೆ ಕುಸಿದಿತ್ತು. ಅಷ್ಟು ಕೆಳಗಿನಿಂದ ಬಂದು ಚಾಂಪಿಯನ್ ಆದ ತಂಡ ಮತ್ತೊಂದಿಲ್ಲ. ದಾರಿಯಲ್ಲಿ ಸಿಕ್ಕಿದ ಡೇವಿಡ್ ರಾಬಿನ್ಸನ್ ಆ ವರ್ಷದ ಶ್ರೇಷ್ಠ ಆಟಗಾರ. ಅವರ ವಿರುದ್ಧದ ಸರಣಿಯಲ್ಲಿ ಒಲಾಜುವಾನ್ ಪಂದ್ಯಕ್ಕೆ ಸರಾಸರಿ 35 ಅಂಕಗಳಿಗೂ ಹೆಚ್ಚು ಗಳಿಸಿದರು. ಬುಟ್ಟಿಗೆ ಬೆನ್ನು ಹಾಕಿ ನಿಂತು, ಭುಜವನ್ನು ಒಂದು ಕಡೆಗೆ ಅಲುಗಿಸಿ ಎದುರಾಳಿ ಆ ಕಡೆ ವಾಲುತ್ತಿದ್ದಂತೆ ಇನ್ನೊಂದು ಕಡೆಗೆ ತಿರುಗಿ ಎಸೆಯುವುದು ಅವರ ಪ್ರಸಿದ್ಧ ‘ಡ್ರೀಮ್ ಶೇಕ್’. ಹಾಕಿಯಲ್ಲಿ ಒಳ್ಳೆಯ ಫಾರ್ವರ್ಡ್ ಮಾಡುವ ಡಾಡ್ಜ್‌ನಂತೆಯೇ ಅದು: ಹುಸಿ ಹೆಜ್ಜೆ, ಕ್ಷಣದ ತಡೆ, ನಿಜದ ಹೆಜ್ಜೆ. ನಿಮ್ಮ ಮಾವನವರಿಗೆ ಆ ಸರಣಿಯ ವಿಡಿಯೊ ತೋರಿಸಿ, ಅವರ ಅರ್ಧ ಆಕ್ಷೇಪಣೆ ಕರಗಬಹುದು. ಫೈನಲ್‌ನಲ್ಲಿ ಶಕೀಲ್ ಓ’ನೀಲ್ ಇದ್ದ ಒರ್ಲ್ಯಾಂಡೊ ತಂಡವನ್ನು 4–0ರಿಂದ ಸೋಲಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ರಂಜಾನ್ ಉಪವಾಸವಿದ್ದು, ಪಂದ್ಯದ ದಿನಗಳಲ್ಲಿಯೂ ಸೂರ್ಯಾಸ್ತದವರೆಗೆ ನೀರು ಮುಟ್ಟದೆ, ತಿಂಗಳ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಸೋತರೆ ಊಟ ಬಿಡುವವನಿಗೆ ಈ ಸಂಗತಿಯನ್ನು ಬೇಕೆಂದೇ ತಿಳಿಸುತ್ತಿದ್ದೇನೆ.

1996ರಲ್ಲಿ ಅಮೆರಿಕದ ಪರವಾಗಿ ಒಲಿಂಪಿಕ್ ಚಿನ್ನ, 2001ರಲ್ಲಿ ಟೊರಾಂಟೊಗೆ ವರ್ಗ, 2002ರಲ್ಲಿ ಬೆನ್ನುನೋವಿನಿಂದ ನಿವೃತ್ತಿ. ಒಟ್ಟು 3,830 ಬ್ಲಾಕ್‌ಗಳ ಅವರ ದಾಖಲೆ ಇನ್ನೂ ನಿಂತಿದೆ. ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದೇ 1973ರಿಂದ ಎಂಬುದು ಬೇರೆ ಮಾತು. ನಿವೃತ್ತಿಯ ನಂತರ ಕೋಬಿ ಬ್ರಯಂಟ್ ಮತ್ತು ಲೆಬ್ರಾನ್ ಜೇಮ್ಸ್ ಅವರಂಥವರು, ಆಗಲೇ ಕಪ್‌ಗಳನ್ನೋ ಪ್ರಶಸ್ತಿಗಳನ್ನೋ ಗೆದ್ದಿದ್ದವರು, ಹ್ಯೂಸ್ಟನ್‌ಗೆ ಹೋಗಿ ಅವರಿಂದ ಪಾದಗಳ ಚಲನೆಯನ್ನು ಹೇಳಿಸಿಕೊಂಡರು.

ಹಾಕಿಯನ್ನು ಈಗಲೇ ಬಿಡಿಸಬೇಡಿ. ಹತ್ತನೇ ತರಗತಿ ಮುಗಿಯುವವರೆಗೆ ಎರಡೂ ಇರಲಿ.

ಉತ್ತರ: ಗೋಣಿಕೊಪ್ಪಲಿನವ

ಎರಡೂ ಇರಲಿ ಎಂಬುದಕ್ಕೆ ನನ್ನ ಸಹಮತವೂ ಇದೆ. ಒಂದೇ ಸೇರ್ಪಡೆ: ಅವನ ವಯಸ್ಸಿನ, ಅವನಿಗಿಂತ ಕುಳ್ಳಗಿನ ಹುಡುಗರೊಂದಿಗೆ ಮಾತ್ರ ಆಡಿಸಬೇಡಿ. ಎತ್ತರದಿಂದಲೇ ಗೆದ್ದುಬಿಡುವ ಹುಡುಗ ಏನನ್ನೂ ಕಲಿಯುವುದಿಲ್ಲ, ಅವನನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ ಕೈ ಎತ್ತಿಸುವುದರಲ್ಲೇ ಶಾಲೆಯ ತಂಡಗಳು ತೃಪ್ತವಾಗುತ್ತವೆ. 6 ಅಡಿ 3 ಅಂಗುಲದಲ್ಲೇ ಬೆಳವಣಿಗೆ ನಿಂತರೆ ಅವನು ರಾಜ್ಯಮಟ್ಟದಲ್ಲಿ ಗಾರ್ಡ್ ಆಗಿ ಆಡಬೇಕಾಗುತ್ತದೆ, ಆಗ ಚೆಂಡು ಪುಟಿಸಲು ಬಾರದಿದ್ದರೆ ಕಷ್ಟ. ಮೇಷ್ಟ್ರು ಹೇಳಿದ ಎಡಗೈ ಅಭ್ಯಾಸ ಅದಕ್ಕೇ ಮುಖ್ಯ. ಕ್ರೀಡಾ ವಸತಿನಿಲಯಗಳ ಆಯ್ಕೆ ಪ್ರಕ್ರಿಯೆಯ ಬಗ್ಗೆ ಮಡಿಕೇರಿಯಲ್ಲಿರುವ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ವಯೋಮಿತಿಯನ್ನು ಮೊದಲೇ ಕೇಳಿಕೊಳ್ಳಿ.

ಉತ್ತರ: ಕಾಲೇಜು ವಿದ್ಯಾರ್ಥಿನಿ, ವಿರಾಜಪೇಟೆ

ಆಂಟಿ, ನಾನು ನಮ್ಮ ಕಾಲೇಜು ತಂಡದಲ್ಲಿ ಆಡುತ್ತೇನೆ. ದೊಡ್ಡವರು ಹೇಳಿದ್ದಕ್ಕೆ ಸೇರಿಸುವಷ್ಟು ನನಗೆ ತಿಳಿದಿಲ್ಲ, ಆದರೆ ಇಲ್ಲಿನ ವಾಸ್ತವವನ್ನು ಹೇಳಬಲ್ಲೆ. ನಮ್ಮ ಕಡೆಯ ಅಂಕಣಗಳು ಬಹುತೇಕ ತೆರೆದ ಸಿಮೆಂಟಿನವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟಿ ಕಾಲಿಡಲಾಗುವುದಿಲ್ಲ, ಆ ತಿಂಗಳುಗಳಲ್ಲಿ ನಾವು ಕಾರಿಡಾರಿನಲ್ಲಿ ಚೆಂಡು ಪುಟಿಸುವುದು, ಹಗ್ಗ ಜಿಗಿಯುವುದು, ಇಷ್ಟನ್ನೇ ಮಾಡುತ್ತೇವೆ. ಮಳೆ ಬಿಟ್ಟ ಮೇಲೆ ಭಾನುವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳೂ ಬರುತ್ತಾರೆ, ಅವರಲ್ಲಿ ವಿಶ್ವವಿದ್ಯಾಲಯಕ್ಕೆ ಆಡಿದವರು ಇದ್ದಾರೆ, ತಳ್ಳುವುದರಲ್ಲಿ ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ. ಅವನು ಬರಬಹುದು.

ಹಾಕಿ ಟರ್ಫ್‌ನ ಶೂ ಮಾತ್ರ ಹಾಕಿಕೊಂಡು ಬರುವುದು ಬೇಡ, ಸಿಮೆಂಟಿನ ಮೇಲೆ ಅದು ಹಿಡಿಯುವುದಿಲ್ಲ. ದುಬಾರಿ ಬ್ರ್ಯಾಂಡೇ ಬೇಕೆಂದು ಅವನು ಹಟ ಹಿಡಿದರೆ ಒಲಾಜುವಾನ್ ಅವರನ್ನೇ ಮುಂದಿಡಿ. ಅವರು ಕಪ್ ಗೆದ್ದ ಕಾಲದಲ್ಲಿ, ಬಡ ಮನೆಯ ಮಕ್ಕಳಿಗೂ ಕೊಳ್ಳಲು ಆಗಬೇಕೆಂದು ಸ್ಪಾಲ್ಡಿಂಗ್ ಕಂಪನಿಯ ಕಡಿಮೆ ಬೆಲೆಯ ಶೂಗಳಿಗೆ ತಮ್ಮ ಹೆಸರು ಕೊಟ್ಟಿದ್ದರು. ಹಿಮ್ಮಡಿ ಬಿಗಿಯಾಗಿ ಕೂರುವ, ಅಡಿ ಚಪ್ಪಟೆಯಾಗಿರುವ ಯಾವ ಶೂ ಆದರೂ ಸಾಕು. ಕುಡಿಯುವ ನೀರು ತರಲಿ, ಅಲ್ಲಿ ನಲ್ಲಿ ಇಲ್ಲ.